ಎರಡರಿಂದ ಶುರುವಾಗುವ ಟೇಪು

ನನ್ನ ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಂಡುಸೂಜಿ ಎಂದು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳು, ಮಾತು ಬಂದ ಮೇಲೆ ಅಷ್ಟೇ ಚೂಪಾದಳು. ನಮ್ಮದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಕಿಟಕಿಯ ಪಕ್ಕ ಇಸ್ತ್ರಿಯ ಹಲಗೆ. ಮಗ ಬಸ್ಸು ಓಡಿಸುತ್ತಾನೆ. ನನ್ನ ಯಜಮಾನರು ಹೋದ ಮೇಲೆ ಅಂಗಡಿಯನ್ನು ನಾನೂ ಸೊಸೆಯೂ ನಡೆಸಿಕೊಂಡು ಬಂದೆವು. ಗುಂಡುಸೂಜಿ ಆ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯಲ್ಲಿ ಬೆಳೆದವಳು. ಕಾಲೇಜಿನಲ್ಲಿಯೂ ಉಡುಪು ತಯಾರಿಕೆಯನ್ನೇ ಓದಲು ಹಿಡಿದಳು.

ಮೂರನೆಯ ವರ್ಷದಲ್ಲಿ ಒಂದು ಸೆಮಿಸ್ಟರು ಪರದೇಶದ ವಿಶ್ವವಿದ್ಯಾಲಯದಲ್ಲಿ ಓದಲು ಅವಳನ್ನು ಆರಿಸಿದರು. ಷರತ್ತು ಒಂದೇ. ಅಲ್ಲಿ ಪಾಸಾದರೆ ಇಲ್ಲಿಯೂ ಪಾಸು. ಅಲ್ಲಿ ಫೇಲಾದರೆ ಇಲ್ಲಿ ಒಂದು ವರ್ಷ ಹಿಂದೆ ಬೀಳುತ್ತಾಳೆ.

ಹೊರಡುವ ದಿನ ಪೆಟ್ಟಿಗೆ ಮುಚ್ಚುವ ಮುಂಚೆ ಕೇಳಿದಳು, "ಅಜ್ಜಿ, ತಾತನ ಟೇಪು ನಾನು ತಗೊಂಡು ಹೋಗ್ಲಾ?"

"ಅಲ್ಲಿ ಟೇಪು ಸಿಗಲ್ವೇನೇ?" ಎಂದಳು ಸೊಸೆ. "ಅದಕ್ಕೆ ತಲೆನೇ ಇಲ್ಲ."

"ನಂಗಿದ್ಯಲ್ಲಮ್ಮ, ಸಾಕು."

ಆ ಟೇಪಿಗೆ ನಿಜವಾಗಿಯೂ ತಲೆಯಿಲ್ಲ. ತುದಿಯ ತಗಡು ಕಳಚಿ ಎಳೆ ಬಿಡತೊಡಗಿದಾಗ ಯಜಮಾನರು ಮೊದಲ ಎರಡು ಇಂಚನ್ನು ಕತ್ತರಿಸಿ ಎಸೆದರು. ಅಂದಿನಿಂದ ನಮ್ಮ ಟೇಪು ಎರಡರಿಂದ ಶುರು. ಅಳತೆ ತೆಗೆಯುವಾಗ ಮೂವತ್ತು ಬಂದರೆ ಇಪ್ಪತ್ತೆಂಟು ಎಂದು ಬರೆದುಕೊಳ್ಳುತ್ತೇವೆ. ಬಟ್ಟೆಯ ಮೇಲೆ ಇಪ್ಪತ್ತೆಂಟು ಬೇಕಾದರೆ ಮೂವತ್ತಕ್ಕೆ ಗುರುತು ಹಾಕುತ್ತೇವೆ. ಇದನ್ನು ಯಾರಿಗೂ ಹೇಳಿದ್ದಿಲ್ಲ. ಹೇಳಬೇಕು ಅನ್ನುವುದೇ ನೆನಪಿಗೆ ಬರುವುದಿಲ್ಲ, ಕೈ ತಾನಾಗಿ ಮಾಡಿಬಿಡುತ್ತದೆ.

ಹೋದ ಮೊದಲ ವಾರ ಫೋನಿನಲ್ಲಿ ಅವಳ ಮಾತಿಗೆ ತಡೆಯೇ ಇರಲಿಲ್ಲ.

"ಅಜ್ಜೀ, ಇಲ್ಲಿ ಮಿಷನ್ನು ತಾನೇ ದಾರ ಪೋಣಿಸ್ಕೊಳ್ಳುತ್ತೆ! ನಿನ್ನ ಕನ್ನಡಕಕ್ಕೆ ರಜಾ! ಇಪ್ಪತ್ತು ಮೇಜಿದೆ, ಒಂದೊಂದೂ ನಮ್ಮ ಅಡುಗೆಮನೆಗಿಂತ ದೊಡ್ಡದು. ಅಮ್ಮಾ, ಇಲ್ಲಿ ಮೇಡಂ ಮೇಜಿನ ತುದಿ ಮೇಲೆ ಕೂತು ಸೇಬು ತಿಂತಾ ಪಾಠ ಮಾಡ್ತಾರೆ. ನಾವು ಎದುರು ವಾದ ಮಾಡಿದ್ರೆ ಅವ್ರಿಗೆ ಖುಷಿ!"

"ಹಾಗಾದ್ರೆ ನೀನೇ ಫಸ್ಟು ಬಿಡು," ಎಂದಳು ಸೊಸೆ.

ಕೋಣೆಯನ್ನೂ ತೋರಿಸಿದಳು. ಎರಡು ಮಂಚ, ಎರಡು ಮೇಜು, ಕಿಟಕಿಯ ಕೆಳಗೆ ನೂರಾರು ಸೈಕಲ್ಲುಗಳ ಸಾಲು. ಜೊತೆಗಿದ್ದವಳು ಇನ್ಯಾವುದೋ ದೇಶದ ಹುಡುಗಿ, ನಿಂತರೆ ಫೋನಿನಲ್ಲಿ ಮುಖವೇ ಕಾಣುತ್ತಿರಲಿಲ್ಲ. ಹಾಗಾಗಿ ನಮಗೆ ಅವಳು ಉದ್ದಿ. ಅವಳದೂ ಮುರುಕು ಇಂಗ್ಲಿಷು, ನಮ್ಮವಳದೂ ಮುರುಕು. ಎರಡು ಸೇರಿ ಒಂದು ಇಡೀ ಮಾತಾಗುತ್ತಿತ್ತು.

ಕೊನೆಯ ಪರೀಕ್ಷೆಗೆ ಇಬ್ಬಿಬ್ಬರು ಸೇರಿ ಒಬ್ಬ ಮನುಷ್ಯನಿಗೆ ಕೋಟು ಹೊಲಿಯಬೇಕು. ಆ ಮನುಷ್ಯ ಅದನ್ನು ತೊಟ್ಟು ಸಭಾಂಗಣದಲ್ಲಿ ಎಲ್ಲರೆದುರು ನಿಲ್ಲಬೇಕು. ಬೇರೆಯವರು ಗೆಳೆಯರನ್ನು ಹಿಡಿದರು. ಇವರಿಬ್ಬರು ಹಿಡಿದದ್ದು ಗೇಟಿನ ಕಾವಲಿನವರೊಬ್ಬರನ್ನು. ಅವರು ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ತೋಳು ಎಷ್ಟು ಉದ್ದವೆಂದರೆ ಅಂಗಡಿಯ ಯಾವ ಕೋಟೂ ಮಣಿಕಟ್ಟಿಗೆ ಮುಟ್ಟುತ್ತಿರಲಿಲ್ಲ. ಚಳಿಯಲ್ಲಿ ತೋಳಿನ ತುದಿಯನ್ನು ಎಳೆದೆಳೆದುಕೊಳ್ಳುವುದೇ ಅವರ ಕೆಲಸ.

"ನನ್ನ ಕೈ ಮುಚ್ಚೋ ಕೋಟನ್ನ ನಾನು ಈ ಜನ್ಮದಲ್ಲಿ ನೋಡಿಲ್ಲಮ್ಮ," ಎಂದರಂತೆ.

"ನೋಡ್ತೀರಿ ಅಂಕಲ್," ಎಂದು ಮಾತು ಕೊಟ್ಟು ಬಂದಳು ನಮ್ಮ ಹುಡುಗಿ.

ಅಳತೆ ತೆಗೆದವಳು ಗುಂಡುಸೂಜಿ. ಟೇಪು ಮೂವತ್ತು ತೋರಿಸಿತು, ಅವಳು ತೋಳು ಇಪ್ಪತ್ತೆಂಟು ಎಂದು ಬರೆದಳು. ಬೆನ್ನು, ಎದೆ, ಕೊರಳಪಟ್ಟಿ ಎಲ್ಲವನ್ನೂ ತಾನೇ ಕತ್ತರಿಸಿದಳು. ಕೊರಳಪಟ್ಟಿಗೆ ಇಸ್ತ್ರಿ ಹಾಕಲು ಅವಳು ಪಕ್ಕದ ಕೋಣೆಗೆ ಹೋದಾಗ, ಹೊತ್ತು ಉಳಿಯಲಿ ಎಂದು ಉದ್ದಿ ತೋಳುಗಳನ್ನು ಕತ್ತರಿಸಿದಳು. ಅವಳ ಟೇಪಿನಲ್ಲಿ ಬರೀ ಸೆಂಟಿಮೀಟರು, ಬರೆದಿಟ್ಟದ್ದು ಇಂಚು. ಮೇಜಿನ ಮೇಲೆ ನಮ್ಮ ಟೇಪು ಬಿದ್ದಿತ್ತು. ತುದಿಯನ್ನು ಭುಜದ ಗೆರೆಗೆ ಹಿಡಿದು ನೇರವಾಗಿ ಇಪ್ಪತ್ತೆಂಟಕ್ಕೆ ಗುರುತು ಹಾಕಿದಳು. ಎರಡೆರಡು ಸಲ ಅಳೆದೇ ಹಾಕಿದಳು, ಪಾಪ.

ಪರೀಕ್ಷೆಗೆ ಮೂರು ದಿನ ಇದ್ದಾಗ ಕಾವಲಿನವರು ಕೋಟು ತೊಟ್ಟು ನೋಡಿದರು. ಬೆನ್ನು ಎರಕ ಹೊಯ್ದ ಹಾಗೆ ಕೂತಿತು. ಕೈ ಚಾಚಿದರು. ಮಣಿಕಟ್ಟು ಹೊರಗೆ ಬಂತು.

"ಪರವಾಗಿಲ್ಲ ಮಕ್ಕಳಾ," ಎಂದು ನಕ್ಕರಂತೆ. "ನನ್ನ ತೋಳೇ ಹಾಗೆ. ನಿಮ್ಮ ತಪ್ಪೇನಿದೆ?" ಕೋಟನ್ನು ನೀಟಾಗಿ ಮಡಿಸಿ ಕೊಟ್ಟು ಗೇಟಿಗೆ ಹೋದರಂತೆ.

ಫೋನಿನಲ್ಲಿ ಅಳು. "ಬೈದಿದ್ರೆ ಚೆನ್ನಾಗಿತ್ತು ಅಜ್ಜಿ! ಟೇಪಿಗೆ ತಲೆ ಇಲ್ಲ ಅಂತ ನಾನು ಉದ್ದಿಗೆ ಹೇಳ್ಲೇ ಇಲ್ಲ. ಆ ಬಟ್ಟೆ ಇನ್ನು ಒಂದು ಚೂರೂ ಇಲ್ಲ, ಅಂಗಡೀಲೂ ಮುಗಿದು ಹೋಗಿದೆ."

"ಮೂಗು ಒರೆಸ್ಕೋ," ಎಂದೆ. "ಕೋಟಲ್ಲಿ ಎಲ್ಲೆಲ್ಲಿ ಬಟ್ಟೆ ಇದೆ, ಒಂದೊಂದಾಗಿ ಹೇಳು."

"ಬೆನ್ನು. ಎದೆ ಎರಡು. ಕೊರಳಪಟ್ಟಿ. ಜೇಬು. ಸೊಂಟದ ಬೆಲ್ಟು..." ಅಲ್ಲಿಗೆ ನಿಂತಳು. "ಅಜ್ಜೀ! ಬೆಲ್ಟು! ಅಂಕಲ್ ಬೆಲ್ಟು ಬೇಡ ಅಂದಿದ್ರು, ಚೆಂದಕ್ಕೆ ಅಂತ ನಾವೇ ಹಾಕಿದ್ವಿ!" ಫೋನು ಕಟ್ಟಾಯಿತು. ಇಡ್ತೀನಿ ಅಂತಲೂ ಹೇಳಲಿಲ್ಲ.

ಬೆಲ್ಟಿನ ಅಗಲ ಸರಿಯಾಗಿ ಎರಡು ಇಂಚು. ಅದನ್ನು ಬಿಡಿಸಿ, ಇಸ್ತ್ರಿ ಹಾಕಿ, ತೋಳಿನ ತುದಿಗೆ ಎರಡು ಪಟ್ಟಿ ಕೂಡಿಸಿದರು. ಆದರೆ ಜೋಡಿಸಿದ ಗೆರೆ ಕಂಡೇ ಕಾಣುತ್ತಿತ್ತು. ನಮ್ಮ ಅಂಗಡಿಯಲ್ಲಿ ಮುಚ್ಚಲಾಗದ ಜೋಡಣೆಯನ್ನು ಮುಚ್ಚಲು ಹೋಗುವುದಿಲ್ಲ, ಅದನ್ನು ಇನ್ನೊಂದು ಕಡೆಯೂ ಹಾಕಿ ಬೇಕೆಂದೇ ಇಟ್ಟಂತೆ ಮಾಡುತ್ತೇವೆ. ಅದು ಅವಳಿಗೆ ಗೊತ್ತಿತ್ತು. ಉಳಿದ ಬೆಲ್ಟನ್ನು ಜೇಬುಗಳ ಬಾಯಿಗೆ ಅದೇ ಅಗಲದ ಪಟ್ಟಿಯಾಗಿ ಹೊಲಿದಳು. ಸೊಸೆ ಫೋನಿನಲ್ಲಿ ಕಣ್ಣಿಟ್ಟು, "ಮೂಲೆ ನೋಡೇ, ಮೂಲೆ!" ಎಂದು ಇಲ್ಲಿಂದಲೇ ಕೂಗುತ್ತಿದ್ದಳು. ಉದ್ದಿಗೆ ಮಾತು ತಿಳಿಯದಿದ್ದರೂ ಬೆಚ್ಚಿ ಮೂಲೆ ಬಿಚ್ಚಿ ಮತ್ತೆ ಹೊಲಿದಳು.

ಪರೀಕ್ಷೆಯ ದಿನ ಮೇಡಂ ಕೋಟಿನ ಸುತ್ತ ಎರಡು ಸುತ್ತು ಬಂದರು. ಕೈಯಲ್ಲಿ ಇವರೇ ಮೊದಲು ಬರೆದುಕೊಟ್ಟ ನಕ್ಷೆ ಇತ್ತು. "ಈ ಪಟ್ಟಿಗಳು ನಕ್ಷೆಯಲ್ಲಿ ಇಲ್ವಲ್ಲ? ಬೆಲ್ಟು ಎಲ್ಲಿ ಹೋಯ್ತು?"

ಅಲಂಕಾರಕ್ಕೆ ಹಾಕಿದೆವು ಎನ್ನಲು ಉದ್ದಿ ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮವಳು ಜೇಬಿನಿಂದ ಟೇಪು ತೆಗೆದು, ತಾತ ಕತ್ತರಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೇಡಂ ಟೇಪನ್ನು ತಮ್ಮ ಅಳತೆಪಟ್ಟಿಯ ಪಕ್ಕ ಇಟ್ಟು ನೋಡಿದರು.

"ಜೊತೆಯವಳಿಗೆ ಹೇಳದೇ ಇದ್ದಿದ್ದಕ್ಕೆ ಅಂಕ ಕಳೀತೀನಿ," ಎಂದರು. "ಎರಡು. ಉಳಿದ ತೊಂಬತ್ತೆಂಟೂ ನಿಮ್ಮದೇ."

ಆ ನಗು, ಆ ಚಪ್ಪಾಳೆ ನಮಗೆ ಇಲ್ಲಿ ಫೋನಿನಲ್ಲಿ ಕೇಳಿಸಿತು. ಸೊಸೆ ಮಿಷನ್ನು ಬಿಟ್ಟು ಎದ್ದು ಕುಣಿದೇಬಿಟ್ಟಳು. ಕಾವಲಿನವರು ಕೋಟು ಕಳಚಲೇ ಇಲ್ಲವಂತೆ. ಹಾಗೇ ಗೇಟಿಗೆ ಹೋಗಿ ಬಂದವರಿಗೆಲ್ಲ ಕೈ ಚಾಚಿ ಕುಲುಕಿದರು, ಒಮ್ಮೆ ಕುಲುಕಿದವರಿಗೆ ಇನ್ನೊಮ್ಮೆ. ತೋಳು ಮಣಿಕಟ್ಟು ಬಿಟ್ಟು ಮೇಲೆ ಹೋಗಲಿಲ್ಲ. ಆ ಫೋಟೋ ಈಗ ನಮ್ಮ ಅಂಗಡಿಯ ಗೋಡೆಯ ಮೇಲಿದೆ.

ಟೇಪೂ ಮನೆಗೆ ಬಂತು. ಅದರ ತುದಿಗೆ ಉದ್ದಿ ಬೆಲ್ಟಿನ ಉಳಿದ ಚೂರನ್ನು ಸರಿಯಾಗಿ ಎರಡು ಇಂಚು ಅಳೆದು ಹೊಲಿದು ಕೊಟ್ಟಿದ್ದಳು. ಸೊಸೆ ಮೊದಲ ದಿನ ಅದರಲ್ಲೇ ಒಂದು ಅಂಗಿಯ ಅಳತೆ ತೆಗೆದಳು. ಅಳೆಯುವಾಗ ಹೊಸ ತಲೆಯ ನೆನಪಿತ್ತು. ಕತ್ತರಿಸುವ ಹೊತ್ತಿಗೆ ಕೈ ಹಳೆಯ ಅಭ್ಯಾಸಕ್ಕೆ ಎರಡು ಕೂಡಿಸಿತು. ಹೊಲಿದು ನೋಡಿದರೆ ತೋಳು ಬೆರಳಿನವರೆಗೆ ಇಳಿದಿದೆ.

"ಏ ಗುಂಡುಸೂಜಿ, ಬಾ ಇಲ್ಲಿ!" ಎಂದು ಕೂಗಿದಳು. "ಈ ಅಂಗಿನ ನಿಮ್ಮ ಗೇಟಿನ ಅಂಕಲ್‌ಗೆ ಕಳಿಸು. ಇನ್ಯಾರಿಗೂ ಆಗಲ್ಲ!"