ಗ್ಯಾಸ್ ಬಂಕಿನಲ್ಲಿ ಗಣಪತಿ ಹೊತ್ತು ನಿಂತದ್ದು

ಕಳೆದ ವರ್ಷ ಗಣೇಶನ ಹಬ್ಬ ಬುಧವಾರ ಬಂದಿತ್ತು. ಬುಧವಾರ ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲ. "ಹನ್ನೆರಡರೊಳಗೆ ಗಣಪತಿ ಹೊಸಲು ದಾಟಿ ಒಳಗಿರಬೇಕು. ದಾರೀಲಿ ಎಲ್ಲೂ ಕೆಳಗಿಡಬೇಡಿ" ಎಂದು ನಮ್ಮತ್ತೆ ಹಿಂದಿನ ದಿನದಿಂದಲೇ ಹೇಳುತ್ತಿದ್ದರು. ನಮ್ಮ ಯಜಮಾನರು ಮಾತ್ರ "ಹತ್ತು ಗಂಟೆ ಮೇಲೆ ಹೋದ್ರೆ ರೇಟ್ ಇಳಿದಿರುತ್ತೆ ಕಣಮ್ಮ" ಎಂದು ಪೇಪರ್ ಓದುತ್ತಾ ಕೂತಿದ್ದರು.

ಈ ಲೆಕ್ಕಾಚಾರದ ಮನುಷ್ಯ ಮೂರು ವರ್ಷದ ಹಿಂದೆ ಕೊಂಡದ್ದು ಸಿ.ಎನ್.ಜಿ. ಕಾರು. ಅದರ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ. ಮಿಕ್ಕ ಜಾಗದಲ್ಲಿ ಒಂದು ಛತ್ರಿ, ಎರಡು ಜೊತೆ ಚಪ್ಪಲಿ ಹಿಡಿಸುತ್ತವೆ. ಊರಿನಿಂದ ಬರುವಾಗ ತೆಂಗಿನಕಾಯಿ ಚೀಲ ನನ್ನ ಕಾಲ ಕೆಳಗೆ, ಬಾಳೆಗೊನೆ ತೊಡೆಯ ಮೇಲೆ. ಪೆಟ್ರೋಲ್ ಟ್ಯಾಂಕೂ ಇದೆ. ಆದರೆ "ಗ್ಯಾಸ್ ಇರೋವಾಗ ಪೆಟ್ರೋಲ್ ಯಾಕೆ?" ಎಂದು ಅದರಲ್ಲಿ ತಳಕ್ಕೆ ಹತ್ತಿದಷ್ಟು ಮಾತ್ರ ಇಟ್ಟಿರುತ್ತಾರೆ.

ಕುಂಬಾರಗೇರಿಗೆ ಹೋದೆವು. ರೇಟ್ ಇಳಿದಿತ್ತು, ನಿಜ. ಚಿಕ್ಕ ಗಣಪತಿಗಳೆಲ್ಲ ಮಾರಿಹೋಗಿ ದೊಡ್ಡವು ಉಳಿದಿದ್ದವು. ತಟ್ಟೆಯಲ್ಲಿ ಅಕ್ಕಿ ಹರಡಿ, ಮೇಲೆ ಗಣಪತಿಯನ್ನು ಕೂರಿಸಿ, ಬಟ್ಟೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಮನೆ ಇರುವುದು ಊರಿನ ಇನ್ನೊಂದು ತುದಿಯ ಹೂಟಗಳ್ಳಿಯಲ್ಲಿ. ಅರ್ಧ ದಾರಿಗೆ ಬರುವಷ್ಟರಲ್ಲಿ ಗ್ಯಾಸ್ ಮುಗಿಯುತ್ತಿದೆ ಎಂದು ದೀಪ ಮಿನುಗಿತು. ಕಾರು ಬಂಕಿಗೆ ತಿರುಗಿತು.

ಗ್ಯಾಸ್ ತುಂಬುವಾಗ ಗಾಡಿಯೊಳಗೆ ಯಾರೂ ಕೂತಿರುವ ಹಾಗಿಲ್ಲ. ಆ ಬಂಕಿನವರು ಗೇಟಿನ ಹತ್ತಿರವೇ ಇಳಿಸಿಬಿಡುತ್ತಾರೆ.

"ಮೇಡಂ, ಇಳೀರಿ."

"ಗಣಪತಿ ಇದೆಯಪ್ಪ ಮಡಿಲಲ್ಲಿ."

"ಅವರೂ ಇಳೀಬೇಕು ಮೇಡಂ."

ಇಳಿದೆ. ಮುಂದೆ ಆಟೋಗಳ ದೊಡ್ಡ ಸಾಲು. ಸಾಲದ್ದಕ್ಕೆ ಅವತ್ತು ಗ್ಯಾಸಿನ ಪ್ರೆಷರ್ ಕಡಿಮೆ, ಒಂದೊಂದು ಗಾಡಿಗೂ ಯುಗ ಹಿಡಿಯುತ್ತಿತ್ತು. ಕೂರೋಣವೆಂದರೆ ಒಂದು ಕಟ್ಟೆಯೂ ಇಲ್ಲ. ಅದೇ ಅಂಗಳದ ಆ ಕಡೆ ಪೆಟ್ರೋಲ್ ಪಂಪ್. ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

"ರೀ, ಪೆಟ್ರೋಲ್ ಹಾಕಿಸ್ಕೊಂಡು ಹೋಗೋಣ ಕಣ್ರೀ, ತೋಳು ಬಿದ್ದುಹೋಗ್ತಿದೆ" ಅಂದೆ.

"ಇಷ್ಟು ಹೊತ್ತು ಕಾದು ಈಗ ಪೆಟ್ರೋಲಾ? ಇನ್ನೇನು ಬಂದ್ಬುಡ್ತು, ಸುಮ್ನಿರು."

ಸುಮ್ಮನಿರದವರು ಸುತ್ತಲಿನವರು. ಮೊದಲು ಒಬ್ಬ ಆಟೋದವರು ಬಂದು ಕೈಮುಗಿದರು. ಅವರನ್ನು ನೋಡಿ ಇನ್ನೊಬ್ಬರು. ಯಾರೋ ಒಬ್ಬಾಕೆ ಮುಡಿಯ ಹೂವನ್ನೇ ಒಂದಿಷ್ಟು ಕಿತ್ತು ತಟ್ಟೆಗೆ ಹಾಕಿದರು. ಒಬ್ಬರು ದಕ್ಷಿಣೆಯನ್ನೂ ಹಾಕಿ, ಪ್ರಸಾದ ಕೇಳುವವರ ಹಾಗೆ ನಿಂತರು. ನನ್ನ ಹಾಗೆಯೇ ಗಾಡಿಯಿಂದ ಇಳಿದು ನಿಂತಿದ್ದ ಒಬ್ಬ ಅಜ್ಜಿ ಸೊಂಟದ ಚೀಲ ಬಿಚ್ಚಿ ಕರ್ಪೂರ ತೆಗೆದರು, ಬೆಂಕಿಪೊಟ್ಟಣ ತೆಗೆದರು, ಕಡ್ಡಿಯನ್ನೂ ತೆಗೆದರು!

"ಅಜ್ಜೀ!" ಎಂದು ಬಂಕಿನವನು ಪೈಪು ನೇತುಹಾಕಿ ಓಡಿಬಂದ. "ಒಂದು ಗೀರಿದ್ರೆ ಗಣಪತಿ ಜೊತೆ ನಾವೂ ಕೈಲಾಸಕ್ಕೇ!"

ಅಜ್ಜಿ ಕಡ್ಡಿ ಒಳಗಿಟ್ಟು, "ಬೈಬೇಡ ಕಣಪ್ಪ, ಎಂಗೆ ಗೊತ್ತಾಗ್ಬೇಕು ನಂಗೆ" ಎಂದು ಮುಖ ಸಣ್ಣ ಮಾಡಿಕೊಂಡರು.

ನಾನು ತಟ್ಟೆಯನ್ನು ತೋಳಿನಿಂದ ತೋಳಿಗೆ ಬದಲಿಸುವುದನ್ನು ನೋಡಿದ ಆ ಮೊದಲ ಆಟೋದವರು, "ಅಕ್ಕ, ಹನ್ನೆರಡಕ್ಕೆ ರಾಹುಕಾಲ ಅಲ್ವಾ?" ಎಂದವರು ಸಾಲಿನ ಕಡೆ ತಿರುಗಿ, "ಗಣಪತಿನ ಮುಂದೆ ಕಳಿಸ್ರೋ" ಎಂದು ಕೂಗಿದರು. ನಂಬಿದರೆ ನಂಬಿ, ಅಷ್ಟು ಹೊತ್ತಿನಿಂದ ಕಾದಿದ್ದವರು ಒಬ್ಬರೂ ಗೊಣಗದೆ ಆಟೋಗಳನ್ನು ಹಿಂದಕ್ಕೆ ತಳ್ಳಿ ದಾರಿ ಬಿಟ್ಟರು. ನಮ್ಮವರು ಮದುವೆ ದಿಬ್ಬಣದ ಹಾಗೆ ಕಾರನ್ನು ನಡುವೆ ನಡೆಸಿಕೊಂಡು ಬಂದು, ನನ್ನ ಕಡೆ 'ನೋಡಿದ್ಯಾ' ಎಂಬಂತೆ ನೋಡಿದರು.

ಬಂಕಿನವನು ಪೈಪು ಹಿಡಿದು ಬಗ್ಗಿ, ಗ್ಯಾಸ್ ತುಂಬುವ ಕಡೆ ಅಂಟಿಸಿದ್ದ ತಾರೀಖಿನ ಪಟ್ಟಿ ನೋಡಿ, ಎದ್ದು ನಿಂತ.

"ಸಾರ್, ಸಿಲಿಂಡರ್ ಟೆಸ್ಟಿಂಗ್ ಮಾಡಿಸಿಲ್ವಾ? ಮೂರು ವರ್ಷಕ್ಕೊಂದ್ಸಲ ಮಾಡಿಸ್ಬೇಕು. ನಿಮ್ದು ಹೋದ ತಿಂಗಳೇ ಮುಗಿದಿದೆ. ಗ್ಯಾಸ್ ಹಾಕೋ ಹಂಗಿಲ್ಲ."

"ಹಬ್ಬದ ದಿನ ಏನಪ್ಪಾ ನೀನು! ಗಣಪತಿಗೋಸ್ಕರ ಒಂಚೂರು ಹಾಕು" ಅಂದರು ಆಟೋದವರು.

"ಗಣಪತಿಗೆ ಬೇಕಾದ್ರೆ ಹಾಕ್ತೀನಣ್ಣ, ಈ ಸಿಲಿಂಡರ್‌ಗೆ ಹಾಕಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ನಮ್ಮವರು ಯಾರ ಮುಖವನ್ನೂ ನೋಡದೆ ಕಾರನ್ನು ಪೆಟ್ರೋಲ್ ಪಂಪಿನ ಕಡೆ ತಿರುಗಿಸಿದರು. ಅಲ್ಲಿ ಗಣಪತಿ ಇಳಿಯಬೇಕಾಗಿರಲಿಲ್ಲ. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ, ಹೊರಟೆವು.

ಆದರೂ ಮನೆಯ ಗೇಟಿನ ಮುಂದೆ ನಿಲ್ಲಿಸುವಾಗ ಹನ್ನೆರಡು ದಾಟಿ ಐದು ನಿಮಿಷ. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದವರು ಕೈಯೆತ್ತಿ ತಡೆದರು.

"ವರ್ಷಕ್ಕೊಂದ್ಸಲ ಬರೋನು. ರಾಹುಕಾಲದಲ್ಲಿ ಒಳಗೆ ಕರೆಯೋಳಲ್ಲ ನಾನು. ಒಂದೂವರೆವರೆಗೂ ಅಲ್ಲೇ ಇರ್ಲಿ."

"ಅಮ್ಮಾ, ಕೆಳಗಿಡೋ ಹಂಗಿಲ್ಲ ಅಂತೀಯ, ಒಳಗೂ ಬೇಡ ಅಂತೀಯ..." ಅಂದರು ನಮ್ಮವರು.

"ಅದಕ್ಕೇ ಮಹದೇವ, ನೀನಿದ್ದೀಯಲ್ಲ. ಅವಳ ಕೈಯಿಂದ ಇಸ್ಕೊ. ನಮಗೆ ಕಡುಬಿನ ಕೆಲಸ ಇದೆ."

ಹೀಗೆ ನಮ್ಮವರು ಮನೆಯ ಮುಂದಿನ ಬೀದಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಗಣಪತಿಯನ್ನಿಟ್ಟುಕೊಂಡು ಕೂತರು. ಎ.ಸಿ. ಹಾಕಿಕೊಳ್ಳಿ ಅಂದರೆ ಪೆಟ್ರೋಲ್ ಸುಡುತ್ತೆ ಅಂದರು. ಹೋಗಿಬರುವವರೆಲ್ಲ ಕಿಟಕಿಯಲ್ಲಿ ಬಗ್ಗಿ ಕೈಮುಗಿಯುತ್ತಿದ್ದರು. ನಡುವೆ ಕಾಫಿ ತೆಗೆದುಕೊಂಡು ಹೋದೆ. ಕೈ ಬಿಡುವಂತಿಲ್ಲವಲ್ಲ, ನಾನೇ ಲೋಟ ಹಿಡಿದು ಕುಡಿಸಿದೆ. ಎರಡು ಗುಟುಕು ಕುಡಿದು ತಲೆಯೆತ್ತಿ, "ತೋಳು ತುಂಬಾ ನೋಯ್ತಿತ್ತೇನೇ ನಿಂಗೆ?" ಅಂದರು. ಬೆವರಿನಲ್ಲಿ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಕನ್ನಡಕ ಮೇಲೆ ಸರಿಸಿದೆ. ಪಾಪ ಅನ್ನಿಸಬೇಕಿತ್ತು. ನಿಜ ಹೇಳುತ್ತೇನೆ, ಅವತ್ತೂ ಅನ್ನಿಸಲಿಲ್ಲ, ಈಗ ನೆನೆಸಿಕೊಂಡರೂ ಅನ್ನಿಸುವುದಿಲ್ಲ. ಪಾಪ ಅನ್ನಿಸುವುದು ಆ ಆಟೋದವರ ಬಗ್ಗೆ. ಕಾದು ಸಿಕ್ಕಿದ ಸರದಿಯನ್ನು ನಮಗೆ ಬಿಟ್ಟುಕೊಟ್ಟ ಅಷ್ಟೂ ಜನರಿಗೆ ಒಂದು ಕಡುಬನ್ನೂ ಕೊಡಲಾಗಲಿಲ್ಲ.

"ಹೂಂ, ನೋಯ್ತಿತ್ತು" ಅಂದೆ. ಲೋಟ ತೆಗೆದುಕೊಂಡು ಒಳಗೆ ಹೋದೆ. ಒಂದೂವರೆಗೆ ಇನ್ನೂ ಹೊತ್ತಿತ್ತು.