ಲಾಯಕ್ಕಾದವನು ಈರಣ್ಣನೊಬ್ಬನೇ

ನನ್ನ ಮೈದುನ ಈರಣ್ಣ ಕುಡುಗೋಲಿನ ಏಟಿಗೆ ಸತ್ತ ಅಂತ ಊರವರು ಹೇಳುತ್ತಾರೆ. ಸುಳ್ಳು. ಅವನು ಸತ್ತದ್ದು ದಾಯಾದಿಗಳು ಕುಡಿದು ಬಂದದ್ದಕ್ಕೆ.

ಅವನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟಿತ್ತು. ಕಾಳಗದ ಟಗರು ಸಾಕುತ್ತಿದ್ದ. ಮರಿಯಾಗಿದ್ದಾಗಿನಿಂದ ಅದಕ್ಕೆ ಗುದ್ದು ಕಲಿಸಿದ್ದು ತನ್ನ ಹಣೆ ಕೊಟ್ಟೇ. ಮನುಷ್ಯರ ಮೇಲೂ ಅದೇ ವಿದ್ಯೆ. ಕೈ ಎತ್ತುತ್ತಿರಲಿಲ್ಲ. ಮಾತು ಮುಗಿಯುವುದರೊಳಗೆ ಎದುರಿಗಿದ್ದವನ ಮುಖಕ್ಕೆ ತಲೆ ಬಿದ್ದಿರುತ್ತಿತ್ತು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳ ಕಡಲೆಕಾಯಿ ಮೂಟೆಯನ್ನು ಒದ್ದವನ ಹಲ್ಲು ಹಾಗೇ ಉದುರಿದ್ದು. ನಾನು ಬೈದರೆ, “ತಲೆ ಇರೋದು ಯಾತಕ್ಕೆ ಅತ್ಗೆಮ್ಮ, ಬರೀ ಟವಲ್ ಸುತ್ತಕಾ?” ಅನ್ನುತ್ತಿದ್ದ.

ಕುಡಿಯುತ್ತಿರಲಿಲ್ಲ. ದೇವರ ಭಯಕ್ಕಲ್ಲ, ಕುಡಿದರೆ ಗುರಿ ತಪ್ಪುತ್ತದೆ ಅಂತ.

ಒಂದು ಸಲ ಬದುವಿನ ಜಗಳದಲ್ಲಿ ದಾಯಾದಿ ರಂಗನ ಮೂಗು ಒಡೆದ. ಸ್ವಲ್ಪ ದಿನಕ್ಕೆ ರಂಗನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋಯಿತು. ಶಿರಾಕ್ಕೆ ಓಡಿ ರಕ್ತ ಕೊಟ್ಟು ಬಂದವನು ಈರಣ್ಣನೇ. ರಂಗ ಕೈಮುಗಿಯಲು ಬಂದ, ಬಂದವನು ಬದುವಿನ ಮಾತನ್ನೂ ತೆಗೆದ. ಮತ್ತೆ ಬಿತ್ತು ತಲೆ.

“ಅದು ಬ್ಯಾರೆ, ಇದು ಬ್ಯಾರೆ ಕಣ್ಲಾ.”

ಆಮೇಲೆ ಯಾರು ಕರೆದರೂ ಹೋಗಿ ಕೊಡುತ್ತಿದ್ದ. ತೋಳಿನ ಮೇಲೆ ಟಗರಿನ ಹಚ್ಚೆ ಹಾಕಿಸುವ ಆಸೆಯಿತ್ತು. ಹಚ್ಚೆ ಹಾಕಿಸಿದರೆ ಒಂದು ವರ್ಷ ರಕ್ತ ತೆಗೆದುಕೊಳ್ಳುವುದಿಲ್ಲ ಅಂತ ನರ್ಸಮ್ಮ ಹೇಳಿದ ಮೇಲೆ ಬಿಟ್ಟುಬಿಟ್ಟ.

ಹೋದ ವರ್ಷ ಕೊರಟಗೆರೆ ಕಡೆಯ ಕಾಳಗವೊಂದರಲ್ಲಿ ಅವನ ಟಗರು ಎದುರಿನದರ ಕತ್ತು ಮುರಿಯಿತು. ಅದರ ಯಜಮಾನ ನಮ್ಮತ್ತೆಯ ಹೆಸರೆತ್ತಿ ಬೈದ. ಈರಣ್ಣ ತಲೆ ಬಗ್ಗಿಸಿ ನುಗ್ಗಿದ. ಬೈದವನು ಬಿದ್ದ, ಆದರೆ ಅವನ ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲಿತ್ತು. ಈರಣ್ಣನ ತೊಡೆ ಉದ್ದಕ್ಕೂ ಸೀಳಿತು.

ನಾನು, ನನ್ನ ಸೊಸೆ, ಈರಣ್ಣನ ಹೆಂಡತಿ ಗೌರಕ್ಕ ಆಸ್ಪತ್ರೆ ಮುಟ್ಟಿದಾಗ ಅವನ ಪಂಚೆ ರಕ್ತದ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿತ್ತು. ಅವನ ಗುಂಪಿನ ರಕ್ತ ಇದ್ದಷ್ಟನ್ನೂ ಏರಿಸಿದ್ದರು. ಇನ್ನೂ ಬೇಕಿತ್ತು. ನಾನು ತೋಳು ಚಾಚಿದೆ. ಅರವತ್ತೈದು ದಾಟಿದವರದು ಬೇಡ ಅಂದಳು ನರ್ಸಮ್ಮ. ಗೌರಕ್ಕನ ಬೆರಳು ಚುಚ್ಚಿ ನೋಡಿ, ಇವರಿಗೇ ರಕ್ತ ಕಮ್ಮಿ ಅಂದಳು. ಸೊಸೆಯ ಸೊಂಟದಲ್ಲಿ ಹಾಲು ಕುಡಿಯುವ ಕೂಸು, ಅವಳದೂ ಆಗದು ಅಂದಳು. ಗಂಡಸರು ಬರುತ್ತಿದ್ದಾರೆ ಅಂದೆ.

ಬಂದರು. ಟೆಂಪೋ ತುಂಬ ಬಂದರು, ರಂಗನೇ ಮುಂದೆ. ನರ್ಸಮ್ಮ ಮೂಗು ಮುಚ್ಚಿಕೊಂಡು, ಕುಡಿದಿದ್ದೀರಾ ಅಂತ ಕೇಳಿದಳು.

“ವಸಿ ಕಣಮ್ಮ,” ಅಂದ ರಂಗ. “ಸೂಜಿ ಅಂದ್ರೆ ಎಲ್ಲಾರ್ಗೂ ಭಯ. ಧೈರ್ಯಕ್ಕೆ ಅಂತ ಒಂದೊಂದು ಕ್ವಾಟ್ರು ಹಾಕ್ಕಂಡು ಬಂದೋ. ರಕ್ತಾನೂ ಏರ್ತದೆ ಅಂದ್ರು.”

ಕುಡಿದವರದು ಇವತ್ತು ತೆಗೆಯುವ ಹಾಗಿಲ್ಲ, ನಾಳೆ ಬನ್ನಿ ಅಂದಳು.

“ನಾಳೆಗೆ ಅವ್ನಿರ್ತಾನಾ ತಾಯಿ?”

ಇಡೀ ವಂಶದಲ್ಲಿ ರಕ್ತ ಕೊಡಲು ಲಾಯಕ್ಕಾದವನು ಒಬ್ಬನೇ ಇದ್ದ, ಅವನು ಮಂಚದ ಮೇಲಿದ್ದ. ನಾನು ಚಪ್ಪಲಿ ತೆಗೆದು ರಂಗನ ಮುಖಕ್ಕೆ ಬಾರಿಸಿದೆ, ತುಟಿ ಒಡೆಯುವವರೆಗೂ. ಅವನು ಕೈ ಅಡ್ಡ ಹಿಡಿಯಲಿಲ್ಲ.

ಒಳಗೆ ಹೋದಾಗ ಈರಣ್ಣ ಕಣ್ಣು ಬಿಟ್ಟು, ಯಾರು ಬಂದವರೆ ಅಂತ ಕೇಳಿದ. ಎಲ್ಲರೂ ಬಂದವರೆ ಅಂದೆ.

“ಕುಡ್ಕಂಡು ಬಂದಿರ್ತಾರೆ, ನನ್ಮಕ್ಳು.”

ಅದಾದ ಮೇಲೆ ಅವನು ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಕೊಯ್ದು ಹೊಲಿದು ಹೆಣ ಕೊಟ್ಟರು. ಚಟ್ಟ ಕಟ್ಟಿದ್ದಾಯಿತು. ನಮ್ಮ ಕಡೆ ಹೆಗಲು ಕೊಡುವವರಿಗೆ ಮೊದಲೇ ಕುಡಿಸುವುದು ವಾಡಿಕೆ. ರಂಗನೂ ಉಳಿದ ದಾಯಾದಿಗಳೂ ಬಾಯಿ ಒರೆಸಿಕೊಂಡು ಬಂದು ಬಗ್ಗಿದರು. ಮುಟ್ಟಬೇಡಿ ಅಂದೆ. ಹೆಂಗಸರು ಹೆಣ ಎತ್ತಬಾರದು ಅಂತ ಯಾರೋ ಗೊಣಗಿದರು. ನಾನು, ಗೌರಕ್ಕ, ನನ್ನ ಮಗಳು, ಸೊಸೆ ನಾಲ್ಕು ಮೂಲೆಗೆ ಹೆಗಲು ಕೊಟ್ಟೆವು. ಬಲು ಭಾರವಿದ್ದ. ಗುಣಿ ಮುಟ್ಟುವವರೆಗೂ ಇಳಿಸಲಿಲ್ಲ.