ಕಲ್ಲಿನ ಮೇಲೆ ಕೆಂಪು ಹೆಸರು

ನನ್ನ ತಮ್ಮ ಟೋಕಿಯೋದ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ನಮ್ಮ ಮನೆಯವರು ತೀರಿಕೊಂಡು ಏಳು ತಿಂಗಳಾದಾಗ, ಒಂದು ತಿಂಗಳು ನನ್ನ ಕಡೆ ಬಂದು ಇರು ಎಂದು ಟಿಕೆಟ್ ಕಳಿಸಿದ. ಅಷ್ಟು ದೊಡ್ಡ ಊರಿನ ಗದ್ದಲಕ್ಕೆ ನಾನು ಅಂಜಿದ್ದೆ. ಅವನಿದ್ದ ಓಣಿಯಲ್ಲಿ ಗದ್ದಲವೇ ಇರಲಿಲ್ಲ. ಕಟ್ಟಿಗೆಯ ಹಳೆಯ ಮನೆಗಳು, ಬಾಗಿಲ ಮುಂದೆ ಸಾಲು ಹೂಕುಂಡಗಳು, ತಲೆಯ ಮೇಲೆ ನಮ್ಮ ಶಹಾಬಾದ್ ಬಜಾರಿನಷ್ಟೇ ಕರೆಂಟಿನ ತಂತಿಗಳು. ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಯಕ್ಕಾ, ಮೂರು ತಿರುವು ದಾಟಿ ಹೋಗಬ್ಯಾಡ," ಎಂದಿದ್ದ ತಮ್ಮ. "ಕಳಕೊಂಡ್ರ ನಿನ್ನ ಹುಡುಕಲಿಕ್ಕೆ ಇಲ್ಲಿ ಡಂಗುರಾ ಹೊಡಸ್ಲೇನು?"

ದಿನ ಬಿಟ್ಟು ದಿನ ಶಹಾಬಾದಿನಿಂದ ಮೈದುನನ ಫೋನು ಬರುತ್ತಿತ್ತು. ನಮ್ಮ ಮನೆಯವರನ್ನು ತೆಂಗಳಿಯ ಹೊಲದಲ್ಲಿ ಮಣ್ಣು ಮಾಡಿದ್ದೆವು. ಅಲ್ಲಿ ನಿಲ್ಲಿಸಲು ಹೆಸರಿನ ಕಲ್ಲು ತಯಾರಾಗಬೇಕಿತ್ತು.

"ವೈನಿ, ಕಲ್ಲಿನಾಂವ ಕೇಳಲಿಕತ್ತಾನ್ರಿ. ಅಣ್ಣನ ಹೆಸರು ನಡುವ ಬರೀಲೋ, ಒಂದ್ ಕಡಿ ಸರಿಸಿ ಬರೀಲೋ?"

ಸರಿಸಿ ಬರೆದರೆ ಪಕ್ಕದಲ್ಲಿ ನನ್ನ ಹೆಸರಿಗೆ ಜಾಗ ಉಳಿಯುತ್ತದೆ. ನಡುವೆ ಬರೆಸಿದರೆ ಅವರನ್ನು ಒಬ್ಬರನ್ನೇ ಬಿಟ್ಟಂತೆ. ಸರಿಸಿ ಬರೆಸಿದರೆ ನಾನೂ ಹೊರಟು ನಿಂತಂತೆ. ನನಗೆ ಇನ್ನೂ ನಲವತ್ತೇಳು. ಆಮೇಲೆ ಹೇಳ್ತೀನಿ ಎನ್ನುತ್ತಿದ್ದೆ. ಯಾವ ಆಮೇಲೆ ಎಂಬುದು ನನಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ತಿರುವುಗಳ ಲೆಕ್ಕ ತಪ್ಪಿತು. ಓಣಿ ಹೋಗಿ ನೇರ ಸ್ಮಶಾನದೊಳಗೆ ಸೇರಿಕೊಂಡಿತು. ನಡುವೆ ಗೋಡೆ ಇಲ್ಲ, ಗೇಟಿಲ್ಲ. ಹೆಂಗಸೊಬ್ಬಳು ಸೈಕಲ್ ಬುಟ್ಟಿಯಲ್ಲಿ ಕಾಯಿಪಲ್ಲೆ ಇಟ್ಟುಕೊಂಡು ಗೋರಿಗಳ ಮಧ್ಯೆಯೇ ಹೋದಳು. ನಾನು ಬರಬಾರದ ಕಡೆ ಬಂದೆನೋ, ಇದೂ ಓಣಿಯೇ ಏನೋ ಎಂದು ನಿಂತುಬಿಟ್ಟೆ.

ನಮ್ಮ ಮನೆಯವರು ಕಲ್ಲಿನ ಪಾಲಿಶ್ ಕೆಲಸದಲ್ಲಿದ್ದವರು. ಕಲ್ಲು ಕಂಡರೆ ಅವರಂತೆಯೇ ನನ್ನ ಕೈಯೂ ಮುಂದೆ ಹೋಗುತ್ತದೆ. ಇವು ನಮ್ಮ ಕಲ್ಲಿನಂತೆ ಪದರು ಪದರಾಗಿ ಏಳುವಂಥವಲ್ಲ. ಒಂದು ಕಲ್ಲಿನ ಮೇಲೆ ಎರಡು ಸಾಲು ಅಕ್ಷರವಿತ್ತು, ಗಂಡ ಹೆಂಡತಿಯ ಹೆಸರಿರಬೇಕು. ಒಂದು ಸಾಲಿಗೆ ಮಾತ್ರ ಕೆಂಪು ಬಣ್ಣ ತುಂಬಿದ್ದರು.

ಈಕೆ ಮುತ್ತೈದೆಯಾಗಿ ಹೋದವಳು, ಅದಕ್ಕೇ ಕುಂಕುಮದ ಬಣ್ಣ ಹಚ್ಚಿದ್ದಾರೆ ಎಂದುಕೊಂಡೆ. ಬೇರೇನೂ ಹೊಳೆಯಲಿಲ್ಲ. ಪುಣ್ಯವಂತೆ ಎಂದು ಆ ಅಕ್ಷರ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹೊಟ್ಟೆಕಿಚ್ಚೂ ಆಯಿತು. ನಾನು ಮೊದಲು ಹೋಗಬೇಕಿತ್ತು.

ಹಿಂದೆ ಬಕೀಟಿನ ಸಪ್ಪಳವಾಯಿತು. ಒಬ್ಬ ಮುದುಕಿ ನೀರು ತಂದಿದ್ದಳು, ಕೈಯಲ್ಲಿ ಉದ್ದ ಹಿಡಿಕೆಯ ಕಟ್ಟಿಗೆ ಸೌಟು. ನಾನು ಗಾಬರಿಯಿಂದ ಸರಿದೆ. ಆಕೆ ಬೈಯಲಿಲ್ಲ. ಕೆಂಪು ಅಕ್ಷರ ತೋರಿಸಿ, ತನ್ನ ಮೂಗಿನ ತುದಿಗೆ ಬೆರಳು ಇಟ್ಟಳು. ಮತ್ತೆ ಅಕ್ಷರ, ಮತ್ತೆ ಮೂಗು.

ನನ್ನ ಕೈ ನನ್ನ ಮೂಗಿಗೆ ಹೋಯಿತು. ಅಲ್ಲಿ ಬರೀ ತೂತು.

"ಮೂಗುತಿ ತಗದಾರಬೇ ಯವ್ವಾ, ಮೂರನೇ ದಿನಾನೇ ತಗದಾರ," ಎಂದೆ ನಮ್ಮ ಮಾತಿನಲ್ಲೇ.

ಆಕೆ ತಿಳಿದವಳಂತೆ ಗೋಣು ಹಾಕಿ ಸೌಟು ನನ್ನ ಕೈಗೆ ಕೊಟ್ಟಳು. ಇಬ್ಬರೂ ಕಲ್ಲಿಗೆ ನೀರು ಹಾಕಿದೆವು, ಮನುಷ್ಯರಿಗೆ ತಲೆ ಮೇಲೆ ಹಾಕಿದಂತೆ. ಆಮೇಲೆ ನಾಲ್ಕು ಸಲ ಅದೇ ತಿರುವಿಗೆ ಬಂದು, ಹೇಗೋ ಮನೆ ಸೇರಿದೆ.

ಮಧ್ಯಾಹ್ನ ತಮ್ಮನಿಗೆ ಹೇಳಿದರೆ ನಕ್ಕು ನಕ್ಕು ನೆಲದ ಮೇಲೇ ಕುಳಿತ.

"ಮೂಗುತಿ ಕೇಳಿಲ್ಲ ಯಕ್ಕಾ! ನಾವು 'ನಾನು' ಅಂತ ಎದಿ ಮುಟ್ಕೋತೀವಲ್ಲ, ಇಲ್ಲಿ ಮಂದಿ ಮೂಗು ತೋರಸ್ತಾರ. ಅದು ಅಕೀದೇ ಹೆಸರು."

"ಅಕಿ ಜೀವಂತ ಅದಾಳಲ್ಲೋ!"

"ಅದಾಳ ಅಂತೇ ಕೆಂಪು. ಗಂಡನ ಹೆಸರಿನ ಜೋಡಿ ಬರಸ್ಕೊಂಡಾಳ. ಸತ್ತ ಮ್ಯಾಲ ಕೆಂಪು ತಗೀತಾರ."

"ಗಂಡ ಸತ್ತಾಗೇನು?"

"ಅಲ್ಲಬೇ. ಅಕಿ ಸತ್ತಾಗ."

ಇನ್ನೆರಡು ಸಲ ಅದನ್ನೇ ಕೇಳಿದೆ. ಮೂರನೇ ಸಲಕ್ಕೆ ತಮ್ಮ ನಗುವುದನ್ನು ಬಿಟ್ಟ. ನನ್ನಂತೆಯೇ ಗಂಡ ಇಲ್ಲದವಳನ್ನು ಸತ್ತ ಮುತ್ತೈದೆ ಎಂದು ತಿಳಿದು, ಆಕೆಯ ಹೆಸರನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಂದಿದ್ದೆ. ನಾಚಿಕೆ ಪಡಬೇಕೋ ಬೇಡವೋ ತಿಳಿಯಲಿಲ್ಲ. ಆ ಹೊಟ್ಟೆಕಿಚ್ಚು ಯಾವುದಕ್ಕೆ ಎಂದೂ ತಿಳಿಯಲಿಲ್ಲ.

ಸಂಜೆ ನಾನೇ ಮೈದುನನಿಗೆ ಫೋನು ಹಚ್ಚಿದೆ. "ಸರಿಸಿ ಬರಿ ಅನ್ನು," ಎಂದೆ.

"ವೈನಿ, ಏನರ ಕೆಟ್ಟ ವಿಚಾರ ಮಾಡಲಿಕತ್ತೀರೇನ್ರಿ?"

"ಇಲ್ಲಪಾ. ಇನ್ನಾ ಭಾಳ ದಿನ ಇರ್ತೀನಿ. ಅದಕ್ಕೇ ಹೇಳಿದೆ."

ಹಾಗೆ ಯಾಕೆ ಹೇಳಿದೆನೋ, ಅದಕ್ಕೂ ಜಾಗಕ್ಕೂ ಏನು ಸಂಬಂಧವೋ, ಅವನಿಗೆ ತಿಳಿಯಲಿಲ್ಲ. ನನಗೂ ಪೂರ್ತಿ ತಿಳಿದಿರಲಿಲ್ಲ; ತನ್ನ ಕೆಂಪು ಹೆಸರಿಗೆ ತಾನೇ ನೀರು ಹಾಕುತ್ತಿದ್ದ ಆ ಮುದುಕಿ ಮಾತ್ರ ಕಣ್ಣ ಮುಂದಿದ್ದಳು.

"ಎಷ್ಟು ಜಾಗ ಬಿಡ್ಲಿರಿ?" ಎಂದ.

"ಅರ್ಧಾ," ಎಂದೆ.